ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ರೋಗ: ರೋಗ ಪತ್ತೆಯಾದ ನಂತರ ಚಿಕಿತ್ಸೆಯ ಆಯ್ಕೆ

ಪುರುಷರ ಮೂತ್ರಕೋಶದ ಕೆಳಭಾಗದಲ್ಲಿರುವ ಸಣ್ಣ ಗ್ರಂಥಿಗೆ ಪ್ರಾಸ್ಟೇಟ್ ಎಂದು ಹೆಸರು. ವಯಸ್ಸಾದಂತೆ ಈ ಗ್ರಂಥಿಯು ದೊಡ್ಡದಾಗುವುದು ಸಾಮಾನ್ಯವಾಗಿದ್ದು, ಅದೆಲ್ಲವೂ ಅರ್ಬುದ ರೋಗ (ಕ್ಯಾನ್ಸರ್) ಅಲ್ಲ. ರಕ್ತದಲ್ಲಿ ಪಿ.ಎಸ್.ಎ. ಪ್ರಮಾಣವು ಮೂತ್ರದ ಸೋಂಕಿನಿಂದಲೂ ಏರಬಹುದಾದ್ದರಿಂದ, ಸಾಮಾನ್ಯವಾಗಿ ಬಯಾಪ್ಸಿ ಪರೀಕ್ಷೆಯ ನಂತರವೇ ರೋಗವನ್ನು ಖಚಿತಪಡಿಸಲಾಗುತ್ತದೆ.

ರೋಗವು ಖಚಿತವಾದ ಕೂಡಲೇ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆಂಬ ಆತಂಕ ಕುಟುಂಬದವರಲ್ಲಿ ಸಹಜ. ಆದರೆ ಗ್ರಂಥಿಯೊಳಗೇ ಉಳಿದಿರುವ ಪ್ರಾಸ್ಟೇಟ್ ಕ್ಯಾನ್ಸರ್ ಬಹುತೇಕ ನಿಧಾನವಾಗಿ ಬೆಳೆಯುವಂಥದ್ದು. ಯೋಚಿಸಿ ನಿರ್ಧರಿಸಲು ಸಾಮಾನ್ಯವಾಗಿ ಕೆಲವು ವಾರಗಳ ಅವಕಾಶವಿರುತ್ತದೆ. ಈ ಅವಧಿಯಲ್ಲಿ ರೋಗಿಯು ವೈದ್ಯರಿಂದ ಮುಖ್ಯವಾಗಿ ಎರಡು ವಿಷಯಗಳನ್ನು ಕೇಳಿ ತಿಳಿಯತಕ್ಕದ್ದು: ರೋಗವು ಗ್ರಂಥಿಯಿಂದ ಹೊರಗೆ, ವಿಶೇಷವಾಗಿ ಮೂಳೆಗಳಿಗೆ, ಹರಡಿದೆಯೇ, ಬಯಾಪ್ಸಿ ವರದಿಯಲ್ಲಿ ಗ್ಲೀಸನ್ ಅಂಕ ಎಷ್ಟಿದೆ. ಅಂಕವು 6 ಇದ್ದಲ್ಲಿ ರೋಗದ ತೀವ್ರತೆ ಕಡಿಮೆ, 8ರಿಂದ 10 ಇದ್ದಲ್ಲಿ ಹೆಚ್ಚು.

ಬ್ರಿಟನ್ನಿನಲ್ಲಿ ಗ್ರಂಥಿಗೆ ಸೀಮಿತವಾದ ರೋಗವಿದ್ದ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ ಹಾಗೂ ವಿಕಿರಣ ಚಿಕಿತ್ಸೆಯ ಮೂರು ಗುಂಪುಗಳಲ್ಲಿ ಗಮನಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸುಮಾರು 15 ವರ್ಷಗಳ ನಂತರ ಈ ರೋಗದಿಂದ ಮೃತಪಟ್ಟವರು ಮೂರೂ ಗುಂಪುಗಳಲ್ಲಿ ಸುಮಾರು ಶೇ. 3ರಷ್ಟು ಮಾತ್ರ. ಆದರೆ ನಿಗಾದಲ್ಲಿದ್ದವರಲ್ಲಿ ರೋಗ ಬೇರೆಡೆಗೆ ಹರಡಿದ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆರಂಭದಲ್ಲೇ ಪತ್ತೆಯಾದವರಿಗೆ ಸಂಬಂಧಿಸಿದ ಈ ಅಂಕಿಗಳು ತಡವಾಗಿ ಪತ್ತೆಯಾದ ರೋಗಕ್ಕೆ ಅನ್ವಯಿಸುವುದಿಲ್ಲ.

ಹೀಗಿರುವಲ್ಲಿ ಅಡ್ಡ ಪರಿಣಾಮಗಳೂ ಪ್ರಯಾಣವೂ ಆಯ್ಕೆಯಲ್ಲಿ ಮಹತ್ವ ಪಡೆಯುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ಹಿಡಿತ ತಪ್ಪುವುದು, ಲೈಂಗಿಕ ಸಾಮರ್ಥ್ಯ ಕುಂದುವುದು ಸಂಭವನೀಯ. ವಿಕಿರಣ ಚಿಕಿತ್ಸೆಯಲ್ಲಿ ಮಲವಿಸರ್ಜನೆಯ ತೊಂದರೆ ಕಾಣಿಸಬಹುದು. ಸಂಕೋಚದಿಂದ ಇವನ್ನು ಕೇಳದೆ ಬರುವವರೇ ಹೆಚ್ಚು. ಪತ್ನಿ ಅಥವಾ ಮಗನೊಂದಿಗೆ ಹೋಗುವುದು ಒಳಿತು. ವಿಕಿರಣ ಚಿಕಿತ್ಸೆಯನ್ನು ವಾರಕ್ಕೆ ಐದು ದಿನಗಳಂತೆ ಹಿಂದೆ ಏಳೆಂಟು ವಾರ ನೀಡಲಾಗುತ್ತಿದ್ದು, ಈಗ ಅನೇಕರಿಗೆ 20 ಬಾರಿ, ಅಂದರೆ ನಾಲ್ಕು ವಾರಗಳಲ್ಲಿ ಮುಗಿಸಲು ಸಾಧ್ಯವಾಗಿದೆ. ಆಲ್ದೂರಿನ ತೋಟದ ಕಾರ್ಮಿಕರಿಗಾಗಲಿ ಸಣ್ಣ ಬೆಳೆಗಾರರಿಗಾಗಲಿ ಕಾಫಿ ಕೊಯ್ಲಿನ ಕಾಲದಲ್ಲಿ ಬೆಂಗಳೂರು ಅಥವಾ ಮಂಗಳೂರಿನಲ್ಲಿ ಒಂದು ತಿಂಗಳು ತಂಗುವುದು ಸುಲಭವಲ್ಲ. ಈ ಅಡಚಣೆಯನ್ನು ವೈದ್ಯರಿಗೆ ಮೊದಲೇ ತಿಳಿಸಿದಲ್ಲಿ ದಿನಾಂಕಗಳನ್ನು ಹೊಂದಿಸಲು ಅನುಕೂಲವಾಗುತ್ತದೆ.

ರೋಗವು ಹರಡಿದ್ದಲ್ಲಿ ಪುರುಷ ಹಾರ್ಮೋನನ್ನು ತಗ್ಗಿಸುವುದು ಮುಖ್ಯ ಚಿಕಿತ್ಸೆ. 1941ರಲ್ಲಿ ಇದರ ಪರಿಣಾಮವನ್ನು ತೋರಿಸಿದ ಚಾರ್ಲ್ಸ್ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಇದಕ್ಕೆ ನಿಯತವಾಗಿ ಚುಚ್ಚುಮದ್ದು ಪಡೆಯಬಹುದು, ಇಲ್ಲವೇ ವೃಷಣಗಳನ್ನು ತೆಗೆಯುವ ಒಂದೇ ಬಾರಿಯ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಎರಡನೆಯದು ಖರ್ಚು ಹಾಗೂ ಓಡಾಟವನ್ನು ಕಡಿಮೆ ಮಾಡುತ್ತದೆಯಾದರೂ ಮರಳಿ ಬದಲಿಸಲಾಗದು. ಇದರೊಂದಿಗೆ ಬೇರೆ ಔಷಧಿಗಳನ್ನೂ ಸೇರಿಸುವುದು ಈಗಿನ ಪದ್ಧತಿ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯವಿರುತ್ತದೆ. ಇದಕ್ಕಾಗಿ ಪಡಿತರ ಚೀಟಿ ಹಾಗೂ ಆಧಾರ್‌ನೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯತಕ್ಕದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಬೇರೆ ಆಸ್ಪತ್ರೆಗಾಗಲಿ ಹೋಗುವಾಗ ವರದಿಗಳ ಜೊತೆಗೆ ಬಯಾಪ್ಸಿಯ ಸ್ಲೈಡ್‌ಗಳನ್ನೂ ಒಯ್ದಲ್ಲಿ ಪರೀಕ್ಷೆ ಪುನಃ ಮಾಡಿಸುವ ಪ್ರಮೇಯ ತಪ್ಪಬಹುದು.

ಬೆನ್ನುನೋವಿನೊಂದಿಗೆ ಕಾಲುಗಳಲ್ಲಿ ಬಲಹೀನತೆ ಕಂಡುಬಂದಲ್ಲಿ ಅಥವಾ ಮೂತ್ರ ಪೂರ್ಣ ಕಟ್ಟಿಕೊಂಡಲ್ಲಿ ಮಾತ್ರ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಿ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.