ಹಿರಿಯರಿಗೊಂದು ಕಿರುಮನೆ

ನ್ಯೂಜೆರ್ಸಿಯ ಮಧ್ಯಭಾಗದಲ್ಲಿ, ರಾರಿಟನ್ ನದಿಯ ದಕ್ಷಿಣಕ್ಕೆ, ಫ್ರಾಂಕ್ಲಿನ್ ಟೌನ್‌ಶಿಪ್ಪಿನ ಅಂಗವಾಗಿರುವ ಸಮರ್‌ಸೆಟ್ಟಿಗೆ ಉದ್ಯೋಗನಿಮಿತ್ತ ಬಂದು ನೆಲೆಸಿ, ಸ್ವಂತ ಮನೆಯನ್ನೂ ಅದರ ಹಿಂದೆ ಒಂದಿಷ್ಟು ಹುಲ್ಲುನೆಲವನ್ನೂ ಸಂಪಾದಿಸಿಕೊಂಡ ಕನ್ನಡ ಗೃಹಸ್ಥರ ಮುಂದೆ, ಊರಿನಲ್ಲಿರುವ ತಂದೆತಾಯಿಗಳಿಗೆ ವಯಸ್ಸಾಗುತ್ತ ಬಂದಂತೆ, ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ: ಅವರನ್ನು ಕರೆತಂದು ಎಲ್ಲಿ ಇರಿಸೋಣ? ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಬಂಗಲೆಗಳ ಹಿತ್ತಿಲಲ್ಲಿ ಔಟ್‌ಹೌಸುಗಳನ್ನು ಕಂಡು ಬೆಳೆದವರಿಗೆ ಇದರ ಉತ್ತರ ಸುಲಭವೆಂದು ತೋರಬಹುದು. ಇಲ್ಲಿಯ ನೆಲ, ಇಲ್ಲಿಯ ಚಳಿ, ಇಲ್ಲಿಯ ಕಾಯಿದೆ ಈ ಮೂರೂ ಬೇರೆಯಾಗಿರುವುದರಿಂದ ಉತ್ತರವೂ ಬೇರೆಯೇ ಆಗತಕ್ಕದ್ದು.

ಮೊದಲು ನಿಶ್ಚಯಿಸಬೇಕಾದುದು ಮನೆಯ ಆಕಾರವನ್ನಲ್ಲ, ವಾಸದ ಅವಧಿಯನ್ನು. ಸಂದರ್ಶಕ ವೀಸಾದ ಮೇಲೆ ಬರುವವರಿಗೆ ಒಂದು ಬಾರಿಗೆ ಸಾಮಾನ್ಯವಾಗಿ ಆರು ತಿಂಗಳ ಅವಕಾಶ ದೊರೆಯುತ್ತದೆ. ಬೇಸಗೆಯಲ್ಲಿ ಬಂದು, ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಾಲಯದ ದರ್ಶನ ಮಾಡಿ, ಮೊಮ್ಮಕ್ಕಳನ್ನು ಮುದ್ದಿಸಿ, ಹಿಮ ಬೀಳುವ ಮುನ್ನ ಹಿಂದಿರುಗುವ ಅವರಿಗಾಗಿ ಪ್ರತ್ಯೇಕ ಗೃಹನಿರ್ಮಾಣಕ್ಕೆ ಕೈಹಾಕುವುದು ವ್ಯರ್ಥವ್ಯಯ. ಗ್ರೀನ್ ಕಾರ್ಡ್ ಪಡೆದು ನೆಲೆಸಲು ಬರುವವರ ಮಾತೇ ಬೇರೆ. ಅರವತ್ತೈದು ದಾಟಿದವರಾದರೂ ಅವರು ಹಣ ತೆತ್ತು ಸರಕಾರದ ವೃದ್ಧರ ಆರೋಗ್ಯವಿಮೆಯಾದ ಮೆಡಿಕೇರಿಗೆ ಸೇರಬೇಕಾದರೆ ಐದು ವರ್ಷಗಳ ನಿರಂತರ ವಾಸ ಆಗಿರಬೇಕು. ಹೀಗೆ ಅವರ ವಾಸ ವರ್ಷಗಟ್ಟಲೆಯದು; ಅಂದರೆ ನಾವು ಕಟ್ಟುವ ಮನೆ ಇಂದು ನಡೆದಾಡುವ ತಾಯಿಗೆ ಮಾತ್ರವಲ್ಲ, ಹತ್ತು ವರ್ಷಗಳ ತರುವಾಯ ಗಾಲಿಕುರ್ಚಿಯನ್ನು ಅವಲಂಬಿಸಬಹುದಾದ ತಾಯಿಗೂ ಅನುಕೂಲವಾಗಿರಬೇಕು.

ಹೆಚ್ಚಿನವರ ದೃಷ್ಟಿ ಮೊದಲು ಹೊರಳುವುದು ಬೇಸ್‌ಮೆಂಟಿನ ಕಡೆಗೆ. ಗೋಡೆ ಇದೆ, ಚಾವಣಿ ಇದೆ, ವೆಚ್ಚ ಕಡಮೆ. ಆದರೆ ಹಿರಿಯರ ವಾಸಕ್ಕೆ ಇದಕ್ಕಿಂತ ಅಯೋಗ್ಯವಾದ ಸ್ಥಳ ಮನೆಯಲ್ಲಿ ಮತ್ತೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ನೆಲಮಾಳಿಗೆಯಲ್ಲಿ ಮಲಗುವ ಕೋಣೆ ಮಾಡುವುದಾದರೆ ಆಪತ್ಕಾಲದಲ್ಲಿ ಹೊರಬರಲು ಸಾಮಾನ್ಯವಾಗಿ ಕನಿಷ್ಠ 5.7 ಚದರ ಅಡಿ ತೆರೆಯುವ ಕಿಟಕಿಯಿರಬೇಕು, ಅದರ ಹೊಸ್ತಿಲು ನೆಲದಿಂದ 44 ಅಂಗುಲಕ್ಕಿಂತ ಎತ್ತರವಿರಬಾರದು ಎಂದು ಕಟ್ಟಡ ಸಂಹಿತೆ ವಿಧಿಸುತ್ತದೆ. ಎಪ್ಪತ್ತೈದರ ಅಜ್ಜಿ ಹೊಗೆ ತುಂಬಿದ ಕತ್ತಲೆಯಲ್ಲಿ ಹೆಚ್ಚುಕಡಮೆ ನಾಲ್ಕಡಿ ಎತ್ತರದ ಕಿಟಕಿಯನ್ನು ಹತ್ತಿ ಪಾರಾಗುವಳೆಂದು ನಂಬುವ ಮಗನಾರು? ನೀರಿನ ಭಯವೂ ಇದೆ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಶೇಷವೃಷ್ಟಿ ಸುರಿದಾಗ ನ್ಯೂಯಾರ್ಕ್ ನಗರವೊಂದರಲ್ಲಿಯೇ ಹನ್ನೊಂದು ಮಂದಿ ನೆಲಮಾಳಿಗೆಯ ಮನೆಗಳಲ್ಲಿ ಅಸುನೀಗಿದರು. ನಮ್ಮದೇ ಕೌಂಟಿಯಲ್ಲಿ, ಮಿಲ್‌ಸ್ಟೋನ್ ನದಿ ರಾರಿಟನ್ನನ್ನು ಸೇರುವೆಡೆಯಲ್ಲಿರುವ ಮ್ಯಾನ್‌ವಿಲ್ ಜಲಾವೃತವಾಯಿತು. ಇವೆಲ್ಲಕ್ಕಿಂತ ಮೌನವಾದ ಶತ್ರು ರೇಡಾನ್: ಬಂಡೆಯಿಂದ ಹೊಮ್ಮಿ ನೆಲಮಾಳಿಗೆಯಲ್ಲಿ ಮಡುಗಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ವಿಕಿರಣಶೀಲ ಅನಿಲ. ಅದು ಲೀಟರಿಗೆ 4 ಪಿಕೋಕ್ಯೂರಿಯನ್ನು ಮುಟ್ಟಿದರೆ ನಿವಾರಣೋಪಾಯ ಮಾಡತಕ್ಕದ್ದೆಂದು ಸರಕಾರದ ಸೂಚನೆ. ಹಗಲಿರುಳೂ ಅಲ್ಲಿಯೇ ಇರುವ ವೃದ್ಧರ ಶ್ವಾಸಕೋಶಕ್ಕೆ ಇದರ ಪರಿಣಾಮವೇನೆಂಬುದನ್ನು ಯೋಚಿಸಬೇಕು.

ಗ್ಯಾರೇಜನ್ನು ಕೋಣೆಯಾಗಿ ಮಾರ್ಪಡಿಸುವುದು ಮಧ್ಯಮ ಮಾರ್ಗ: ನೆಲಮಟ್ಟದಲ್ಲಿರುವುದು ಅದರ ಗುಣ, ತಣ್ಣನೆಯ ಕಾಂಕ್ರೀಟ್ ನೆಲ ಅದರ ದೋಷ. ಗ್ಯಾರೇಜಿನ ಮೇಲಣ ಕೋಣೆಯಂತೂ ಮೆಟ್ಟಿಲುಗಳ ಕಾರಣದಿಂದ ವಿಚಾರಕ್ಕೇ ಬರುವಂತಿಲ್ಲ. ಟೌನ್‌ಹೌಸುಗಳಲ್ಲಿರುವವರು ಮನೆಮಾಲೀಕರ ಸಂಘದ ಒಪ್ಪಿಗೆಯಿಲ್ಲದೆ ಹೊರಗೋಡೆಯನ್ನು ಮುಟ್ಟಲಾರರು.

ಎಲ್ಲರ ಮನಸ್ಸನ್ನು ಸೆಳೆಯುವುದು ಹಿತ್ತಿಲಿನ ಬಿಡಿ ಕುಟೀರ. ಕ್ಯಾಲಿಫೋರ್ನಿಯದಲ್ಲಿ ರಾಜ್ಯದ ಶಾಸನವೇ ಊರುಗಳ ನಿರ್ಬಂಧಗಳನ್ನು ಸಡಿಲಿಸಿ ಇಂತಹ ಮನೆಗಳಿಗೆ ದಾರಿ ತೆರೆದಿದೆ; ನಮ್ಮ ನೆರೆಯ ಪ್ರಿನ್ಸ್‌ಟನ್ 2020ರಲ್ಲಿ ಸ್ವತಃ ನಿಯಮವನ್ನು ಉದಾರಗೊಳಿಸಿತು. ಆದರೆ ನ್ಯೂಜೆರ್ಸಿಯಲ್ಲಿ ವಲಯನಿಯಮ ಊರೂರಿಗೆ ಬೇರೆ. ಒಂದೇ ಕುಟುಂಬದ ವಾಸಕ್ಕೆಂದು ಮೀಸಲಾದ ವಲಯದಲ್ಲಿ, ಊರಿನ ನಿಯಮ ಅವಕಾಶ ಕೊಡದಿದ್ದರೆ, ಎರಡನೆಯ ಮನೆಗೆ ವೇರಿಯನ್ಸ್, ಅಂದರೆ ನಿಯಮದಿಂದ ವಿನಾಯಿತಿ, ಬೇಡಬೇಕು. ಇನ್ನೂರು ಅಡಿಯೊಳಗಿನ ಪ್ರತಿಯೊಬ್ಬ ಆಸ್ತಿದಾರನಿಗೂ ಕನಿಷ್ಠ ಹತ್ತು ದಿನ ಮುಂಚಿತವಾಗಿ ತಿಳಿವಳಿಕೆ ಪತ್ರ ಮುಟ್ಟಿಸಬೇಕು, ಬಹಿರಂಗ ವಿಚಾರಣೆಯಲ್ಲಿ ನಿಲ್ಲಬೇಕು, ಊರಿನ ಏಳು ಸದಸ್ಯರ ವಲಯಮಂಡಲಿಯಲ್ಲಿ ಐದು ಮತಗಳನ್ನು ಪಡೆಯಬೇಕು. ಅನುಮತಿ ದೊರೆತರೂ ಹಿಮಗಟ್ಟುವ ಮಣ್ಣಿನ ಕೆಳಗೆ, ಸುಮಾರು ಮೂರು ಅಡಿಯವರೆಗೆ, ತಳಪಾಯವನ್ನೂ ನೀರಿನ ಕೊಳವೆಯನ್ನೂ ಇಳಿಸಬೇಕು. ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವ ಮಾಡ್ಯುಲರ್ ಮನೆ ಕಾಲವನ್ನು ಉಳಿಸುತ್ತದೆ, ಅಗೆತವನ್ನು ಉಳಿಸುವುದಿಲ್ಲ. ಚಕ್ರಗಳ ಮೇಲಿನ ಪುಟ್ಟ ಮನೆಯನ್ನು ಬಹುಪಾಲು ಊರುಗಳು ಮನೆಯೆಂದೇ ಗಣಿಸುವುದಿಲ್ಲ. ಇಷ್ಟೆಲ್ಲ ಸಾಧಿಸಿದ ಮೇಲೆಯೂ ಜನವರಿಯ ಮುಂಜಾವಿನಲ್ಲಿ ಕಾಫಿಗಾಗಿ ಮಂಜುಗಡ್ಡೆಯ ಹಾದಿಯನ್ನು ದಾಟಿ ಬರಬೇಕಾದವರು ಆ ವೃದ್ಧರೇ.

ಇಲ್ಲಿ ಒಲೆಯ ವಿಷಯವನ್ನು ಹೇಳದಿರಲಾಗದು. ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಒಲೆ ಎರಡಾದ ದಿನವೇ ಮನೆ ಎರಡಾಯಿತೆಂದು ಊರು ತಿಳಿಯುತ್ತಿತ್ತು. ಇಲ್ಲಿಯ ಅಧಿಕಾರಿಗಳೂ ಬಹುಮಟ್ಟಿಗೆ ಹಾಗೆಯೇ ನೋಡುತ್ತಾರೆ: ಮಲಗುವ ಕೋಣೆಯೂ ಬಚ್ಚಲೂ ಇದ್ದು ಜೊತೆಗೆ ಸ್ಥಿರವಾದ ಅಡುಗೆಯ ಏರ್ಪಾಡೂ ಸೇರಿದರೆ ಅದು ಸ್ವತಂತ್ರ ಗೃಹವೆನಿಸಿ, ಮೇಲೆ ಹೇಳಿದ ಕಟ್ಟಳೆಗಳೆಲ್ಲ ಬಂದು ಕೂರುತ್ತವೆ. ಮಡಿಯಲ್ಲಿ ಅಡುಗೆ ಮಾಡುವ ತಾಯಿಗೆ ತನ್ನದೇ ಒಲೆ ಬೇಕೆನಿಸುವುದು ಸಹಜ. ಆ ಆಸೆ ಗೌರವಾರ್ಹವಾದುದೂ ಹೌದು. ಆದುದರಿಂದ ನಕ್ಷೆ ಬರೆಸುವ ಮೊದಲೇ ಅವಳನ್ನು ಕೇಳಿ ತಿಳಿಯಬೇಕು.

ಎಲ್ಲವನ್ನೂ ತೂಗಿ ನೋಡಿದರೆ, ಸ್ವಂತ ನೆಲವುಳ್ಳ ಸಮರ್‌ಸೆಟ್ಟಿನ ಗೃಹಸ್ಥನಿಗೆ ಅತ್ಯುತ್ತಮವಾದುದು, ಮೂಲಮನೆಯ ನೆಲ ಅಂತಸ್ತಿಗೆ ಅಂಟಿಕೊಂಡು, ಒಳಬಾಗಿಲೊಂದರಿಂದ ಅದರೊಡನೆ ಕೂಡಿ, ಹೊರಕ್ಕೂ ತನ್ನದೇ ಬಾಗಿಲನ್ನು ಹೊಂದಿರುವ ಪಾರ್ಶ್ವಗೃಹ: ಗಾಲಿಕುರ್ಚಿ ಸರಿಯುವಂತೆ 36 ಅಂಗುಲದ ಬಾಗಿಲು, ಹೊಸ್ತಿಲಿಲ್ಲದ ಸ್ನಾನಗೃಹ, ದಕ್ಷಿಣಕ್ಕೆ ತೆರೆದ ದೊಡ್ಡ ಕಿಟಕಿ, ಕಾಫಿ ಬೆರೆಸಿಕೊಳ್ಳಲು ಒಂದು ಕಟ್ಟೆ. ಆಸ್ತಿತೆರಿಗೆ ಏರುವುದು ನಿಜ; ಮನೆಯ ಗಡಿಯಂತರದ ನಿಯಮವನ್ನು ಪಾಲಿಸಬೇಕಾದುದೂ ನಿಜ. ಆದುದರಿಂದ ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಸರ್ವೆ ನಕ್ಷೆಯನ್ನು ಕೈಯಲ್ಲಿ ಹಿಡಿದು ಡಿಮಾಟ್ ಲೇನಿನ ಟೌನ್‌ಶಿಪ್ ಕಚೇರಿಗೆ ಹೋಗಿ, ನಿಮ್ಮ ನಿವೇಶನ ಯಾವ ವಲಯದಲ್ಲಿದೆ, ಎಷ್ಟು ಅಡಿ ಬಿಡಬೇಕು, ಅಲ್ಲಿ ಒಲೆಗೆ ಅವಕಾಶವುಂಟೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ.