ಆ ಗುದ್ದಿಗೆ ನಾವೂ ಶಿಳ್ಳೆ ಹೊಡೆದಿದ್ದೆವು

ಕಳೆದ ಶನಿವಾರ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆವು. ಸಿನಿಮಾ 1985ರ ‘ವಿಟ್ನೆಸ್’. ‘ಅಪ್ಪನ ಕಾಲದ ಸಿನಿಮಾ ಯಾಕೋ ಮಾರಾಯಾ?’ ಎಂದು ಗೊಣಗುತ್ತಲೇ ಗೆಳೆಯರು ಚುರುಮುರಿ ಪೊಟ್ಟಣ ಬಿಚ್ಚಿದರು.

ಅಮೆರಿಕದ ಪೆನ್ಸಿಲ್ವೇನಿಯಾದ ಅಮಿಶ್ ಎಂಬ ಕ್ರೈಸ್ತ ಸಮುದಾಯದ ನಡುವೆ ನಡೆಯುವ ಥ್ರಿಲ್ಲರ್ ಇದು. ಅವರು ಕಾರಿನ ಬದಲು ಕುದುರೆ ಗಾಡಿ ಓಡಿಸುತ್ತಾರೆ. ಯಾರಾದರೂ ಹೊಡೆದರೂ ತಿರುಗಿ ಹೊಡೆಯುವುದಿಲ್ಲ. ತಾಯಿ ರೇಚಲ್ ಜೊತೆ ಹೊರಟ ಪುಟ್ಟ ಸ್ಯಾಮ್ಯುಯೆಲ್ ಫಿಲಡೆಲ್ಫಿಯಾ ರೈಲು ನಿಲ್ದಾಣದ ಶೌಚಾಲಯದಲ್ಲಿ ಕೊಲೆಯೊಂದನ್ನು ನೋಡಿಬಿಡುತ್ತಾನೆ. ಕೊಲೆಗಾರ ಪೊಲೀಸನೇ! ಹ್ಯಾರಿಸನ್ ಫೋರ್ಡ್ ನಟಿಸಿದ ತನಿಖಾಧಿಕಾರಿ ಜಾನ್ ಬುಕ್, ಗುಂಡೇಟು ತಿಂದು ಆ ಹುಡುಗನ ಮನೆಯಲ್ಲೇ ಅಡಗುತ್ತಾನೆ.

‘ತುಂಬಾ ಸ್ಲೋ’ ಎಂದ ಒಬ್ಬ. ಸಿವಿಲ್ ಎಂಜಿನಿಯರಿಂಗ್ ಗೆಳೆಯ, ಊರವರೆಲ್ಲ ಸೇರಿ ಒಂದೇ ದಿನದಲ್ಲಿ ಮರದ ಕಣಜ ಎಬ್ಬಿಸುವ ದೃಶ್ಯವನ್ನು ಎರಡು ಸಲ ಹಾಕಿಸಿದ. ಆದರೆ ಆರೂ ಜನ ಒಟ್ಟಿಗೆ ಶಿಳ್ಳೆ ಹೊಡೆದದ್ದು ಬೇರೆ ದೃಶ್ಯಕ್ಕೆ. ಪೇಟೆಯ ಪುಂಡರು ಅಮಿಶ್ ಯುವಕನೊಬ್ಬನ ಮುಖಕ್ಕೆ ಐಸ್‌ಕ್ರೀಮ್ ಬಳಿದು ನಗುತ್ತಾರೆ. ಅವನು ಸುಮ್ಮನಿರುತ್ತಾನೆ. ಜೊತೆಗಾರನ ಸಾವಿನ ಸುದ್ದಿಯನ್ನು ಆಗಷ್ಟೇ ಕೇಳಿದ್ದ ಬುಕ್ ಗಾಡಿಯಿಂದ ಇಳಿದು ಆ ಪುಂಡನ ಮೂಗಿಗೇ ಗುದ್ದುತ್ತಾನೆ. ಆಮೇಲೆ ಗೊತ್ತಾಯಿತು, ಹಂತಕರಿಗೆ ಮನೆಯ ದಾರಿ ತೋರಿಸಿದ್ದು ಅದೇ ಗುದ್ದಿನ ಸುದ್ದಿ.

ಸಿನಿಮಾ ಮುಗಿದ ಮೇಲೆ ಶುರುವಾಯಿತು ಜಗಳ. ‘ಅಜ್ಜ ಬಂದೂಕು ಮುಟ್ಟಬೇಡ ಅಂತ ಮೊಮ್ಮಗನಿಗೆ ಬುದ್ಧಿ ಹೇಳಿದ. ಕೊನೆಗೆ ಉಳಿಸಿದ್ದು ಬಂದೂಕೇ ತಾನೆ?’ ಎಂದ ಒಬ್ಬ. ಅವನ ಮಾತು ಪೂರ್ತಿ ಸುಳ್ಳಲ್ಲ. ಮೂವರು ಹಂತಕರಲ್ಲಿ ಇಬ್ಬರನ್ನು ಬುಕ್ ಕೊಲ್ಲುತ್ತಾನೆ. ಆದರೆ ಮೂರನೆಯವನು ರೇಚಲ್‌ಗೆ ಪಿಸ್ತೂಲು ಹಿಡಿದಾಗ ಸ್ಯಾಮ್ಯುಯೆಲ್ ಓಡಿಹೋಗಿ ಗಂಟೆ ಬಾರಿಸುತ್ತಾನೆ. ಹೊಲದಿಂದ ಜನ ಓಡೋಡಿ ಬರುತ್ತಾರೆ. ಯಾರ ಕೈಯಲ್ಲೂ ಆಯುಧವಿಲ್ಲ. ಸುಮ್ಮನೆ ನಿಂತು ನೋಡುತ್ತಾರೆ. ಅಷ್ಟು ಕಣ್ಣುಗಳ ಮುಂದೆ ಅವನ ಕೈ ತಾನಾಗಿ ಇಳಿಯುತ್ತದೆ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಹೋದ ವರ್ಷ ಕ್ಯಾಂಟೀನ್ ಹಿಂದೆ ನಾಲ್ವರು ಸೀನಿಯರ್‌ಗಳು ಒಬ್ಬ ಜೂನಿಯರ್‌ನನ್ನು ಮಂಡಿಯೂರಿಸಿ ಕೂರಿಸಿದ್ದರು. ಅವನು ನನ್ನತ್ತ ನೋಡಿದ. ನಾನು ಮೊಬೈಲ್ ತೆಗೆದು, ಯಾವುದೋ ಮೆಸೇಜ್ ಓದುವವನಂತೆ ನಡೆದುಬಿಟ್ಟೆ. ‘ನಾಲ್ವರನ್ನು ನಾನೊಬ್ಬ ಹೊಡೆಯೋಕಾಗುತ್ತಾ?’ ಎಂದು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದೆ. ಹೊಡೆಯುವುದು, ಇಲ್ಲವೇ ಜಾಗ ಖಾಲಿ ಮಾಡುವುದು: ಎರಡೇ ದಾರಿ ಅಂದುಕೊಂಡಿದ್ದೆ. ಅಲ್ಲೇ ನಿಂತು, ಇನ್ನಿಬ್ಬರನ್ನು ಕೂಗಿ ಕರೆದು, ನೋಡುತ್ತಲೇ ಇರಬಹುದಿತ್ತು. ಅದು ಹೊಳೆದಿರಲಿಲ್ಲ.

ಈ ಸಿನಿಮಾಕ್ಕೆ ಚಿತ್ರಕಥೆ ಮತ್ತು ಸಂಕಲನಕ್ಕಾಗಿ ಎರಡು ಆಸ್ಕರ್ ಬಂದವಂತೆ. ಇಷ್ಟಾಗಿಯೂ ಅಮಿಶ್ ಜನರಲ್ಲಿ ಹಲವರಿಗೆ ಅದು ಬೇಡವಾಗಿತ್ತು. ತಮ್ಮ ಬದುಕು ಪ್ರವಾಸಿಗರ ಪಾಲಿಗೆ ತಮಾಷೆಯಾಗುತ್ತದೆ ಎಂಬ ಅಂಜಿಕೆ ಅವರದು. ನೋಡುವುದರಲ್ಲೂ ಎರಡು ಬಗೆ ಇದೆಯಲ್ಲ!

ಆ ಜೂನಿಯರ್ ಈಗ ನಮ್ಮ ಹಾಸ್ಟೆಲ್‌ನ ಕೊನೆಯ ರೂಮಿನಲ್ಲೇ ಇದ್ದಾನೆ. ಭಾನುವಾರ ಬೆಳಿಗ್ಗೆ ಅವನ ಬಾಗಿಲು ತಟ್ಟಿ, ‘ಅವತ್ತು ನಾನು ನೋಡಿದ್ದೆ’ ಎಂದೆ. ‘ಗೊತ್ತು ಅಣ್ಣ’ ಎಂದ. ಅಷ್ಟೇ ಹೇಳಿ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಲು ಜಾಗ ಮಾಡಿದ.