ಮೀನುತೊಟ್ಟಿಯ ಕೊಳವೆಗಳೂ ಅವುಗಳ ಸಂದುಗಳೂ



ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ ಬಣ್ಣದ ಮೀನುಗಳನ್ನು ಸಾಕುವುದು ಕಣ್ಣಿಗೆ ತಂಪಾದ ಹವ್ಯಾಸ. ಆದರೆ ತೊಟ್ಟಿಯ ನೀರನ್ನು ಕೆಳಗಿನ ಶೋಧಕದ ತೊಟ್ಟಿಗೆ ಇಳಿಸಿ, ಅಲ್ಲಿಂದ ಪಂಪಿನ ಮೂಲಕ ಮತ್ತೆ ಮೇಲಕ್ಕೇರಿಸುವ ಏರ್ಪಾಟನ್ನು ಮಾಡಿದೊಡನೆ ಕೊಳವೆಗಳೂ ಅವುಗಳ ಸಂದುಗಳೂ ಮನೆಯೊಳಕ್ಕೆ ಬಂದುವು. ಸಂದು ಇರುವಲ್ಲಿ ಸೋರುವ ಭಯವೂ ಇರುವುದು.

ಸೋರುವುದು ಹನಿಯಷ್ಟೇ ಎಂದು ಕಡೆಗಣಿಸಲಾಗದು. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿಗಳಾದುವು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರಿನಂತೆ ಎಣಿಸಿದರೆ ಇದು ನಾಲ್ಕು ಲೀಟರಿಗೂ ಮಿಕ್ಕ ನೀರು. ಆವಿಯಾಗಿ ಹೋಯಿತೆಂದು ಮನೆಯವರು ನೆಮ್ಮದಿಯಿಂದಿರುವಾಗ, ತೊಟ್ಟಿಯನ್ನು ಹೊತ್ತ ಮರದ ಪೀಠವು ಒಳಗೊಳಗೇ ಕೊಳೆಯುತ್ತಿರುವುದು.

ಇದಕ್ಕೆ ಪರಿಹಾರವೆಂದು ಸಂದುಗಳನ್ನು ಬಲವಾಗಿ ಬಿಗಿಯುವವರೇ ಹೆಚ್ಚು. ನೀರಿನ ಒತ್ತಡವು ಅದರ ಎತ್ತರವನ್ನು ಅನುಸರಿಸುವುದೇ ಹೊರತು ತೊಟ್ಟಿಯ ವಿಸ್ತಾರವನ್ನಲ್ಲ. ಒಂದು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು 100 ಗ್ರಾಮಿನಷ್ಟು ಮಾತ್ರ ಒತ್ತುತ್ತದೆ. ಇಷ್ಟನ್ನು ತಡೆಯಲು ತೋಳ್ಬಲ ಬೇಕಿಲ್ಲ. ಕೂಡುವ ಮೈಗಳು ಸರಿಯಾಗಿ ಕೂಡಿದ್ದರೆ ಸಾಕು. ಅವು ಕೂಡುವ ಬಗೆ ಮೂರು.

ಮೊದಲನೆಯದು, ಗಾಜಿನ ತೂತಿನಲ್ಲಿ ಕೂರಿಸುವ ಸಂದು. ಇಲ್ಲಿ ನೀರನ್ನು ತಡೆಯುವುದು ರಬ್ಬರಿನ ವಾಷರೇ. ತಿರುಪಿನ ಸುತ್ತುಗಳು ಅದನ್ನು ಒತ್ತಿ ಹಿಡಿಯುವುವಷ್ಟೆ. ಆದುದರಿಂದ ಈ ತಿರುಪಿಗೆ ಟೇಪು ಸುತ್ತಿ ಫಲವಿಲ್ಲ. ಗಾಜನ್ನೂ ವಾಷರನ್ನೂ ಚೆನ್ನಾಗಿ ಒರಸಿ, ವಾಷರನ್ನು ಅಗಲವಾದ ಅಂಚಿನ ಕಡೆಗೆ ಇರಿಸಿ, ಕೈಯಿಂದ ಬಿಗಿದು, ಅನಂತರ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಮಿತಿಮೀರಿದರೆ ವಾಷರು ಹೊರಕ್ಕೆ ಜಾರುವುದು, ಇಲ್ಲವೆ ಗಾಜು ಸೀಳುವುದು. ಕಾಯಿಸಿ ಹದಗೊಳಿಸಿದ ಗಾಜನ್ನಂತೂ ಕೊರೆಯಲೇ ಬಾರದು. ಕೊರೆದರೆ ಇಡೀ ಹಲಗೆಯೇ ಚೂರುಚೂರಾಗುವುದು.

ಎರಡನೆಯದು, ತುದಿಗೆ ಹೋದಂತೆ ಕಿರಿದಾಗುವ ತಿರುಪಿನ ಸಂದು. ಟೇಪು ಸಲ್ಲುವುದು ಇಲ್ಲಿಯೇ. ಈ ಬಿಳಿಯ ಟೇಪಿನ ಮೂಲದ್ರವ್ಯವಾದ ಟೆಫ್ಲಾನು 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನಿಗೆ ಆಕಸ್ಮಿಕವಾಗಿ ದೊರೆತುದು. ಸಂದು ಬಿಗಿಯುವ ದಿಕ್ಕಿನಲ್ಲಿಯೇ ಟೇಪು ಇನ್ನೂ ಬಿಗಿಯಾಗುವಂತೆ ಮೂರು ನಾಲ್ಕು ಸುತ್ತು ಸುತ್ತಬೇಕು. ಬಿಗಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ಟೇಪು ಹರಿಯುವುದುಂಟು. ಆಗ ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತುವುದೇ ಲೇಸು.

ಮೂರನೆಯದು, ಪಿವಿಸಿ ಕೊಳವೆಯ ಅಂಟಿನ ಸಂದು. ಈ ಅಂಟು ಸಾಮಾನ್ಯವಾದ ಗೋಂದಲ್ಲ. ಎರಡು ಮೈಗಳನ್ನೂ ಮೆತ್ತಗೆ ಮಾಡಿ ಒಂದರೊಳಗೊಂದನ್ನು ಬೆಸೆಯುವುದು. ಕೊಳವೆಯನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರನ್ನು ಹೆರೆದು, ಎರಡು ಕಡೆಗೂ ಅಂಟು ಸವರಿ, ಕಾಲು ಸುತ್ತು ತಿರುಗಿಸುತ್ತ ಒಳಕ್ಕೆ ಒತ್ತಿ ಅರ್ಧ ನಿಮಿಷ ಹಿಡಿದಿರಬೇಕು. ನೀರು ಬಿಡುವುದು ಮರುದಿನ.

ಕೆಲಸ ಮುಗಿದ ಮೇಲೆ, ಮೀನುಗಳನ್ನು ಬಿಡುವ ಮೊದಲು, ಪರೀಕ್ಷೆ ನಡೆಯಲಿ. ಬರಿಯ ನೀರು ತುಂಬಿ, ಪ್ರತಿಯೊಂದು ಸಂದಿನಡಿಯಲ್ಲಿಯೂ ಒಣಗಿದ ಕಾಗದವನ್ನಿರಿಸಿ, ಒಂದು ಹಗಲು ಒಂದು ರಾತ್ರಿ ಪಂಪನ್ನು ನಡೆಸಿ ನೋಡಿರಿ. ಬಳಿಕ ಪಂಪನ್ನು ನಿಲ್ಲಿಸಿರಿ. ವಿದ್ಯುತ್ತು ಹೋದಾಗ ಆಗುವುದೂ ಇದೇ: ಮೇಲಕ್ಕೇರುವ ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದ್ದರೆ ನೀರು ಅದರಲ್ಲೇ ಹಿಂದಕ್ಕೆ ಹರಿದು ಕೆಳಗಿನ ತೊಟ್ಟಿಯನ್ನು ಉಕ್ಕಿಸುವುದು. ಕೊಳವೆಯಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಸಣ್ಣ ತೂತೊಂದಿದ್ದರೆ, ಗಾಳಿ ಹೊಕ್ಕು ಹರಿವು ಕಡಿಯುವುದು. ಆ ತೂತು ಪಾಚಿಯಿಂದ ಮುಚ್ಚದಂತೆ ಆಗಾಗ ಶುಚಿಗೊಳಿಸಬೇಕು. ಕೆಳಗಿನ ತೊಟ್ಟಿಯಲ್ಲಿಯೂ ಆ ವರೆಗೆ ಇಳಿಯುವ ನೀರಿಗೆ ಎಡೆಯಿರಬೇಕು. ಪಂಪಿನ ವಿದ್ಯುತ್ ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಬಾಗಿ ಮತ್ತೆ ಮೇಲೇರಲಿ. ತಂತಿಗುಂಟ ಬಂದ ಹನಿ ಆ ಬಾಗಿನಲ್ಲಿಯೇ ಕೆಳಗೆ ಬೀಳುವುದು.

ಕೊನೆಯದಾಗಿ, ತೂತು ಎಲ್ಲಿರಬೇಕೆಂಬ ವಿಚಾರ. ತಳದ ಸಂದು ಕೆಟ್ಟರೆ ತೊಟ್ಟಿಯೆಲ್ಲ ಬರಿದಾಗಿ, ಬೆಳಗಾಗುವುದರೊಳಗೆ ಮೀನುಗಳು ಸತ್ತಿರುವುವು. ಮೇಲಂಚಿನ ಬಳಿಯ ಸಂದು ಕೆಟ್ಟರೆ ಒಂದೆರಡು ಅಂಗುಲದ ನೀರು ಮಾತ್ರ ಹೋಗುವುದು. ಎಷ್ಟು ಜಾಗರೂಕರಾದರೂ ವಾಷರು ಎಂದಾದರೊಂದು ದಿನ ಹಳತಾಗುವುದು. ಆ ದಿನವನ್ನು ಮುಂದಾಗಿಯೇ ನೆನೆದು ತೂತನ್ನು ಮೇಲಿರಿಸುವುದು, ಬಾಯಿಲ್ಲದ ಜೀವಿಗಳನ್ನು ಸಾಕುವವರಿಗೆ ತಕ್ಕ ವಿವೇಕ.